ಪ್ಯಾರಿಸ್‌ನಿಂದ ರೋಮ್‌ಗೆ ಯಾವ ವಿಮಾನ? ಮನೆ ಬಾಗಿಲಿನಿಂದ ಲೆಕ್ಕ ಹಾಕಿ

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ, ವಯಸ್ಸು 61. ಮಗ, ಸೊಸೆ ಪ್ಯಾರಿಸ್ ಪಕ್ಕದ ವಿಲ್‌ಜ್ವಿಫ್‌ನಲ್ಲಿದ್ದಾರೆ. ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೊರಟಿದ್ದೇವೆ. ನಾಲ್ಕು ವರ್ಷದ ಮೊಮ್ಮಗನೂ ಸೇರಿ ಐವರೂ ನಾಲ್ಕು ದಿನ ರೋಮ್ ನೋಡಿಕೊಂಡು ಬರುವ ಆಸೆ. ಮಗ ಮೂರು ಆಯ್ಕೆ ಕಳಿಸಿದ್ದಾನೆ. ಬೋವೆ ನಿಲ್ದಾಣದಿಂದ ರಯಾನ್‌ಏರ್, ಒಬ್ಬರಿಗೆ ಹೋಗಿ ಬರಲು 58 ಯೂರೋ, ಬೆಳಗಿನ 6.35ಕ್ಕೆ ಹೊರಡುತ್ತದೆ. ಓರ್ಲಿಯಿಂದ ವುಯೆಲಿಂಗ್, 112 ಯೂರೋ. ಶಾರ್ಲ್ ದ ಗಾಲ್ ನಿಲ್ದಾಣದಿಂದ ಏರ್ ಫ್ರಾನ್ಸ್, 164 ಯೂರೋ. ಮೊದಲನೆಯದಕ್ಕೂ ಕೊನೆಯದಕ್ಕೂ ಐದು ಜನಕ್ಕೆ 530 ಯೂರೋ ವ್ಯತ್ಯಾಸವಾಗುತ್ತದೆ, ಅಷ್ಟು ದುಡ್ಡು ಸುಮ್ಮನೆ ಏಕೆ ಕೊಡಬೇಕು ಎನ್ನುತ್ತಾನೆ ಮಗ. ಅಷ್ಟು ಅಗ್ಗದ ವಿಮಾನವನ್ನು ನಂಬಬಹುದೇ ಎನ್ನುತ್ತಾರೆ ನಮ್ಮ ಯಜಮಾನರು. ನನಗೆ ಮಂಡಿ ನೋವಿದೆ, ಬಹಳ ಹೊತ್ತು ನಿಲ್ಲಲಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಟಿಕೆಟ್ ಮಾಡುವಾಗ ತೊಂದರೆಯಾದೀತೇ? ಮೊಮ್ಮಗನಿಗೆ ಮನೆಯ ಊಟ ಕಟ್ಟಿಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಪದ ವಿಲ್‌ಜ್ವಿಫ್. ವಿಮಾನಯಾನ ಸಂಸ್ಥೆಯ ಆಯ್ಕೆಗೆ ಹೊರಟವರು ಸಾಮಾನ್ಯವಾಗಿ ಮನೆಯ ವಿಳಾಸ ಹೇಳುವುದೇ ಇಲ್ಲ, ಟಿಕೆಟ್ ದರ ಮಾತ್ರ ಹೇಳುತ್ತಾರೆ. ಟಿಕೆಟ್ ಮಾಡುವ ಕೆಲಸದಲ್ಲಿ ನಾನು ಹತ್ತೊಂಬತ್ತು ವರ್ಷ ಕಳೆದಿದ್ದೇನೆ, ಅದರಲ್ಲಿ ಎಂಟು ವರ್ಷ ಬ್ರಸೆಲ್ಸ್‌ನಲ್ಲಿ. ಬಂದವರನ್ನು ನಾನು ಮೊದಲು ಕೇಳುತ್ತಿದ್ದುದೇ ಮನೆ ಎಲ್ಲಿ ಎಂದು. ಪ್ಯಾರಿಸ್–ರೋಮ್ ನಡುವೆ ಸುಮಾರು 1,100 ಕಿ.ಮೀ. ವಿಮಾನ ಯಾವ ಸಂಸ್ಥೆಯದಾದರೂ ಆಕಾಶದಲ್ಲಿ ಕಳೆಯುವುದು ಎರಡು ಗಂಟೆಯ ಆಸುಪಾಸು. ಆ ಎರಡು ಗಂಟೆಯಲ್ಲಿ ಮೂರು ಸಂಸ್ಥೆಗಳ ನಡುವೆ ನಿಮಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಿಸದು. ವ್ಯತ್ಯಾಸವೆಲ್ಲ ನೆಲದ ಮೇಲಿದೆ: ನಿಲ್ದಾಣ ಎಷ್ಟು ದೂರ, ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಚೀಲಕ್ಕೆ ಎಷ್ಟು ತೆರಬೇಕು, ವಿಮಾನ ರದ್ದಾದರೆ ಮುಂದಿನದು ಯಾವಾಗ.

ಯಜಮಾನರ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಚಿಕ್ಕದು. ಅಗ್ಗದ ವಿಮಾನವನ್ನು ಧಾರಾಳವಾಗಿ ನಂಬಬಹುದು. ರಯಾನ್‌ಏರ್ ಐರ್ಲೆಂಡಿನ ಸಂಸ್ಥೆ, 1985ರಿಂದ ಹಾರಾಟ ನಡೆಸುತ್ತಿದೆ, ಪ್ರಯಾಣಿಕರ ಸಂಖ್ಯೆಯಲ್ಲಿ ಇಂದು ಯುರೋಪಿನಲ್ಲೇ ದೊಡ್ಡದು. ಇಷ್ಟು ವರ್ಷಗಳಲ್ಲಿ ಅದರ ವಿಮಾನ ಅಪಘಾತದಲ್ಲಿ ಒಬ್ಬ ಪ್ರಯಾಣಿಕರೂ ಜೀವ ಕಳೆದುಕೊಂಡಿಲ್ಲ. 1995ರಲ್ಲಿ ಶುರುವಾದ ಬ್ರಿಟನ್ನಿನ ಈಸಿಜೆಟ್‌ನದೂ ಅದೇ ಕಥೆ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯ ಕಚೇರಿ ಜರ್ಮನಿಯ ಕಲೋನ್‌ನಲ್ಲಿದೆ. ಐರೋಪ್ಯ ಒಕ್ಕೂಟದ ಎಲ್ಲ ಸಂಸ್ಥೆಗಳಿಗೂ ಅದರ ನಿಯಮಗಳೇ ಅನ್ವಯ, 58 ಯೂರೋ ಟಿಕೆಟ್‌ಗೊಂದು 164 ಯೂರೋ ಟಿಕೆಟ್‌ಗೊಂದು ಎಂಬ ಎರಡು ಅಳತೆ ಇಲ್ಲ. ದರ ಕಡಿಮೆಯಾಗಲು ಕಾರಣಗಳು ಬೇರೆ. ಹೆಚ್ಚುಕಡಿಮೆ ಒಂದೇ ಮಾದರಿಯ ವಿಮಾನಗಳಿದ್ದರೆ ಪೈಲಟ್ ತರಬೇತಿಯೂ ಬಿಡಿಭಾಗಗಳೂ ಅಗ್ಗವಾಗುತ್ತವೆ. ಇಳಿದ ವಿಮಾನ ಇಪ್ಪತ್ತೈದು ನಿಮಿಷದಲ್ಲಿ ಮತ್ತೆ ಹೊರಡುತ್ತದೆ, ಆದ್ದರಿಂದ ದಿನಕ್ಕೆ ಹೆಚ್ಚು ಸುತ್ತು ಸಿಗುತ್ತದೆ. ಊರಿನಿಂದ ದೂರದ ಸಣ್ಣ ನಿಲ್ದಾಣಗಳಲ್ಲಿ ಶುಲ್ಕ ಕಡಿಮೆ. ಇದರ ಜೊತೆಗೆ ಚೀಲ, ಸೀಟು, ತಿಂಡಿ ಎಲ್ಲಕ್ಕೂ ಪ್ರತ್ಯೇಕ ಬೆಲೆ. ರಯಾನ್‌ಏರ್ ಆದಾಯದ ಸುಮಾರು ಮೂರನೇ ಒಂದು ಭಾಗ ಬರುವುದು ಇಂಥ ಹೆಚ್ಚುವರಿಗಳಿಂದಲೇ. ಹಾಗಾಗಿ ಭಯ ಬೇಡ, ಆದರೆ ಲೆಕ್ಕ ಬೇಕು.

ಲೆಕ್ಕವನ್ನು ಒಟ್ಟಿಗೆ ಮಾಡೋಣ. ನಾನು ಬಳಸುವ ಮೊತ್ತಗಳು ಅಂದಾಜಿನವು, ಚೀಲ ಮತ್ತು ಸೀಟಿನ ದರವಂತೂ ದಿನಕ್ಕೊಂದು ಇರುತ್ತದೆ, ಮಗ ಕೊಳ್ಳುವ ದಿನ ಪರದೆಯ ಮೇಲೆ ಕಾಣುವ ಸಂಖ್ಯೆಗಳನ್ನು ಇಲ್ಲಿ ಕೂರಿಸಿಕೊಳ್ಳಲಿ.

ಬೋವೆಯ ನಿಲ್ದಾಣ ಪ್ಯಾರಿಸ್ ಹೆಸರನ್ನು ಹೊತ್ತಿದ್ದರೂ ನಗರದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿದೆ. ಪ್ಯಾರಿಸ್‌ನ ಪಶ್ಚಿಮ ಅಂಚಿನ ಪೋರ್ತ್ ಮಯೋದಿಂದ ಅಲ್ಲಿಗೆ ಬಸ್ಸಿದೆ, ಒಂದೂಕಾಲು ಗಂಟೆಯ ದಾರಿ. ವಿಮಾನಕ್ಕೆ ಮೂರು ಗಂಟೆ ಮೊದಲು ಹೊರಡುವ ಬಸ್ಸನ್ನು ಹಿಡಿಯುವುದು ರೂಢಿ. 6.35ರ ವಿಮಾನ ಎಂದರೆ ಬೆಳಗಿನ ಜಾವ ಮೂರೂವರೆಗೆ ನೀವು ಪೋರ್ತ್ ಮಯೋದಲ್ಲಿರಬೇಕು. ವಿಲ್‌ಜ್ವಿಫ್ ಇರುವುದು ನಗರದ ದಕ್ಷಿಣಕ್ಕೆ, ಆ ಹೊತ್ತಿಗೆ ಮೆಟ್ರೋ ಓಡುವುದಿಲ್ಲ. ಐದು ಜನ ಹಿಡಿಸುವ ಟ್ಯಾಕ್ಸಿಗೆ 40 ಯೂರೋ ಇಡಿ. ಬಸ್ಸಿಗೆ ದೊಡ್ಡವರಿಗೆ ಒಂದು ದಿಕ್ಕಿಗೆ 17 ಯೂರೋ, ಮಗುವಿಗೆ ಹತ್ತು ಎಂದು ಹಿಡಿದರೂ ಹೋಗಿ ಬರಲು 156. ರೋಮ್‌ನಲ್ಲಿ ಚಂಪಿನೊ ನಿಲ್ದಾಣದಿಂದ ತೆರ್ಮಿನಿ ರೈಲು ನಿಲ್ದಾಣಕ್ಕೆ ಬಸ್ಸು, ಐವರಿಗೆ ಎರಡೂ ದಿಕ್ಕಿಗೆ ಸುಮಾರು 65. ಐವರ ನಡುವೆ 20 ಕಿಲೋ ಲಗೇಜ್ ಒಂದು, 70. ಸೀಟುಗಳು 50. ಟಿಕೆಟ್ 290. ಒಟ್ಟು 671.

ಓರ್ಲಿ ನಿಲ್ದಾಣಕ್ಕೆ ವಿಲ್‌ಜ್ವಿಫ್‌ನಿಂದ ನೇರ ಟ್ರಾಮ್ ಇದೆ! ಏಳನೇ ಸಂಖ್ಯೆಯ ಟ್ರಾಮ್, ಲೂಯಿ ಅರಗೋನ್ ಮೆಟ್ರೋ ನಿಲ್ದಾಣದ ಎದುರಿನಿಂದ ಹೊರಟು ವಿಮಾನ ನಿಲ್ದಾಣದ ಮೂಲಕ ಹಾದುಹೋಗುತ್ತದೆ. 2024ರಲ್ಲಿ ಓರ್ಲಿಯವರೆಗೆ ಬಂದ ಹದಿನಾಲ್ಕನೇ ಮೆಟ್ರೋ ಇನ್ನೂ ವೇಗ, ಆದರೆ ಅದರಲ್ಲಿ ವಿಮಾನ ನಿಲ್ದಾಣಕ್ಕೆಂದೇ ಇರುವ 13–14 ಯೂರೋ ಟಿಕೆಟ್ ಬೇಕು. ಟ್ರಾಮ್‌ಗೆ ಎರಡು ಯೂರೋ ಚಿಲ್ಲರೆಯ ಸಾಮಾನ್ಯ ಟಿಕೆಟ್ ಸಾಕು. ಐವರಿಗೆ ಹೋಗಿ ಬರಲು 20 ಎಂದು ಹಿಡಿಯಿರಿ. ರೋಮ್‌ನಲ್ಲಿ ಇಳಿಯುವುದು ಫಿಯುಮಿಚಿನೊದಲ್ಲಿ, ಅಲ್ಲಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷದಲ್ಲಿ ತೆರ್ಮಿನಿಗೆ ತಲುಪಿಸುತ್ತದೆ, ತಲಾ 14 ಯೂರೋ. ದೊಡ್ಡವರೊಡನೆ ಹೋಗುವ ಮಗುವಿಗೆ ಟಿಕೆಟ್ ಇಲ್ಲ, ಹಾಗಾಗಿ 112. ಲಗೇಜ್ ಮತ್ತು ಸೀಟಿಗೆ ಮೊದಲಿನಂತೆಯೇ 120. ಟಿಕೆಟ್ 560. ಒಟ್ಟು 812.

ಶಾರ್ಲ್ ದ ಗಾಲ್ ಇರುವುದು ನಗರದ ಈಶಾನ್ಯಕ್ಕೆ, ನಿಮಗೆ ಊರಿನ ಆ ತುದಿ. ಟಿಕೆಟ್ 820, ಅಲ್ಲಿಗೆ ಹೋಗಿ ಬರುವ ರೈಲಿಗೆ 117ರ ಆಸುಪಾಸು, ರೋಮ್ ರೈಲು 112. ಏರ್ ಫ್ರಾನ್ಸ್‌ನ ಸಾಮಾನ್ಯ ಲೈಟ್ ದರದಲ್ಲಿ ಒಬ್ಬೊಬ್ಬರೂ ಒಂದು ಕ್ಯಾಬಿನ್ ಸೂಟ್‌ಕೇಸ್ ಮತ್ತು ಒಂದು ಸಣ್ಣ ಚೀಲ ಸೇರಿ 12 ಕಿಲೋ ಒಯ್ಯಬಹುದು, ಆದ್ದರಿಂದ ಲಗೇಜ್‌ಗೆ ಬೇರೆ ದುಡ್ಡಿಲ್ಲ. ಒಟ್ಟು 1,049.

ಮಗ ಹೇಳಿದ್ದು ಸುಳ್ಳಲ್ಲ, ಬೋವೆ ಈಗಲೂ ಅಗ್ಗವೇ. ಆದರೆ ಓರ್ಲಿಗೂ ಅದಕ್ಕೂ ಟಿಕೆಟ್‌ನಲ್ಲಿ ಕಂಡ 270 ಯೂರೋ ವ್ಯತ್ಯಾಸ ಈಗ 141ಕ್ಕೆ ಇಳಿಯಿತು. ಐದು ಜನ, ಎರಡು ಪ್ರಯಾಣ: ಒಬ್ಬರಿಗೆ ಒಂದು ದಿಕ್ಕಿಗೆ 14 ಯೂರೋ. ಆ 14 ಯೂರೋಗೆ ಸಿಗುವುದು ರಾತ್ರಿಯ ನಿದ್ದೆ. ಮಧ್ಯರಾತ್ರಿ ಎರಡೂವರೆಗೆ ನಾಲ್ಕು ವರ್ಷದ ಮಗುವನ್ನು ಎಬ್ಬಿಸಿ, ಮಂಡಿ ನೋವಿನವರನ್ನು ಬಸ್ಸಿನ ಸಾಲಿನಲ್ಲಿ ನಿಲ್ಲಿಸಿ, ಬೆಳಗ್ಗೆ ಒಂಬತ್ತಕ್ಕೆ ರೋಮ್ ತಲುಪಿದರೆ ಆ ದಿನ ಯಾರಿಗೂ ಕೊಲೋಸಿಯಂ ನೋಡುವ ತ್ರಾಣ ಉಳಿಯುವುದಿಲ್ಲ. ಇರುವುದೇ ನಾಲ್ಕು ದಿನ, ಅದರಲ್ಲಿ ಒಂದು ದಿನವನ್ನು ಹೋಟೆಲಿನ ಹಾಸಿಗೆಗೆ ಕೊಟ್ಟಂತೆ. ನಿಮ್ಮ ಮಗ ಒಬ್ಬನೇ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಡುವವನಾಗಿದ್ದರೆ, ಅಥವಾ ಮನೆ ನಗರದ ಉತ್ತರದಲ್ಲಿದ್ದು ವಿಮಾನ ಮಧ್ಯಾಹ್ನದ್ದಾಗಿದ್ದರೆ, ಬೋವೆಗೇ ಹೋಗಿ ಎಂದು ನಾನೇ ಹೇಳುತ್ತಿದ್ದೆ. ನಿಮ್ಮ ಮನೆಗೆ, ನಿಮ್ಮ ಐವರಿಗೆ, ನನ್ನ ಸಲಹೆ ಓರ್ಲಿ.

ದೂರದ ನಿಲ್ದಾಣಕ್ಕೆ ದೊಡ್ಡ ಊರಿನ ಹೆಸರಿಡುವುದು ಬೋವೆಯೊಂದರ ಕಥೆಯಲ್ಲ. ಜರ್ಮನಿಯಲ್ಲಿರುವ ನಮ್ಮವರು ನೆನಪಿಡಬೇಕಾದ್ದು ಫ್ರಾಂಕ್‌ಫರ್ಟ್ ಹಾನ್, ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ ನೂರು ಕಿ.ಮೀ. ಬಾರ್ಸೆಲೋನಾಗೆಂದು ಕೊಂಡ ಟಿಕೆಟ್ ಜಿರೋನಾಕ್ಕೋ ರೇವುಸ್‌ಗೋ ಇರಬಹುದು. ಇದಕ್ಕೆ ವಿರುದ್ಧವಾಗಿ ಮಿಲಾನ್ ಹೆಸರಿನ ಬೆರ್ಗಮೊ, ರೋಮ್‌ನ ಚಂಪಿನೊ ಊರಿಗೆ ಸಾಕಷ್ಟು ಹತ್ತಿರ. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುವ ಎಷ್ಟೋ ಕನ್ನಡಿಗರಿಗೆ ಅಗ್ಗದ ಸಂಸ್ಥೆಗಳ ನಿಲ್ದಾಣವೇ ಮನೆ ಪಕ್ಕದ್ದು. ಅವರಿಗೆ ಆಮ್‌ಸ್ಟರ್‌ಡಾಮ್‌ನ ಸ್ಕಿಪೋಲ್ ದೂರ, ಅಲ್ಲಿ ಈ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ಇನ್ನು ಪ್ಯಾರಿಸ್–ಬ್ರಸೆಲ್ಸ್, ಪ್ಯಾರಿಸ್–ಲಿಯೋನ್, ಮ್ಯಾಡ್ರಿಡ್–ಬಾರ್ಸೆಲೋನಾದಂಥ ದಾರಿಗಳಲ್ಲಿ ವಿಮಾನದ ಮಾತನ್ನೇ ಎತ್ತಬೇಡಿ, ರೈಲು ಊರಿನ ನಡುವಿನಿಂದ ಊರಿನ ನಡುವಿಗೆ ಒಂದೂವರೆಯಿಂದ ಎರಡೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಓರ್ಲಿಯಿಂದ ಲಿಯೋನ್, ನಾಂತ್, ಬೋರ್ದೋಗಳಿಗೆ ವಿಮಾನ ಹಾರಿಸುವುದನ್ನು 2023ರಲ್ಲಿ ಫ್ರಾನ್ಸ್ ಕಾನೂನಿನಿಂದಲೇ ನಿಲ್ಲಿಸಿತು.

ಈಗ ಚೀಲ. ಗೇಟಿನ ಬಳಿ ಜಗಳವೂ ಕಣ್ಣೀರೂ ಆಗುವುದು ಇಲ್ಲಿ. ಅಗ್ಗದ ಸಂಸ್ಥೆಗಳ ಮೂಲ ದರದಲ್ಲಿ ಸೀಟಿನ ಕೆಳಗೆ ಹಿಡಿಸುವ ಒಂದು ಚೀಲ ಮಾತ್ರ ಉಚಿತ. ಯುರೋಪಿನ ವಿಮಾನಯಾನ ಸಂಸ್ಥೆಗಳ ಒಕ್ಕೂಟ 2025ರಲ್ಲಿ 40×30×15 ಸೆಂ.ಮೀ. ಚೀಲವನ್ನು ತನ್ನ ಸದಸ್ಯರೆಲ್ಲ ಉಚಿತವಾಗಿ ಒಪ್ಪಬೇಕೆಂದು ನಿಗದಿ ಮಾಡಿತು. ರಯಾನ್‌ಏರ್ ತನ್ನ ಹಳೆಯ ಚಿಕ್ಕ ಅಳತೆಯನ್ನು ಹಿಗ್ಗಿಸಿದ್ದು ಆಗಲೇ. ಈಸಿಜೆಟ್ ಇನ್ನೂ ಸ್ವಲ್ಪ ಉದಾರಿ, 45×36×20. ನಮ್ಮೂರಿನಲ್ಲಿ ಮಕ್ಕಳು ಶಾಲೆಗೆ ಹೊರುವ ದೊಡ್ಡ ಬೆನ್ನುಚೀಲ ಎಂದುಕೊಳ್ಳಿ, ತುಂಬಿ ಉಬ್ಬಿಸಬಾರದು ಅಷ್ಟೆ. ಬೆಂಗಳೂರಿನಿಂದ ತಂದ ಚಕ್ರದ ಕ್ಯಾಬಿನ್ ಸೂಟ್‌ಕೇಸ್ ಇದಕ್ಕೆ ಹಿಡಿಸುವುದೇ ಇಲ್ಲ. ಹಾಗೇ ತೆಗೆದುಕೊಂಡು ಹೋಗಿ ಗೇಟಿನಲ್ಲಿ ಸಿಕ್ಕಿಬಿದ್ದರೆ ಒಂದು ಚೀಲಕ್ಕೆ 70 ಯೂರೋ ದಾಟಬಹುದು, ನಿಮ್ಮ 58 ಯೂರೋ ಟಿಕೆಟ್‌ಗಿಂತ ಹೆಚ್ಚು. ಸಿಬ್ಬಂದಿ ಕಣ್ಣುಮುಚ್ಚಿ ಬಿಟ್ಟಾರು ಎಂಬ ಆಸೆಯೂ ಬೇಡ. ದೊಡ್ಡ ಚೀಲವನ್ನು ಪತ್ತೆಹಚ್ಚಿದ ಸಿಬ್ಬಂದಿಗೆ ಕೊಡುವ ಪ್ರೋತ್ಸಾಹಧನವನ್ನು ಒಂದೂವರೆ ಯೂರೋದಿಂದ ಎರಡೂವರೆಗೆ ಏರಿಸುವುದಾಗಿ ರಯಾನ್‌ಏರ್ 2025ರಲ್ಲಿ ಬಹಿರಂಗವಾಗಿಯೇ ಹೇಳಿತು.

ಈ ಕೈಚೀಲದ ಶುಲ್ಕ ನ್ಯಾಯವೇ ಎಂಬ ಜಗಳ ಯುರೋಪಿನಲ್ಲಿ ಇನ್ನೂ ಮುಗಿದಿಲ್ಲ. ಕೈಯಲ್ಲಿ ಒಯ್ಯುವ ಚೀಲ ಪ್ರಯಾಣದ ಅಗತ್ಯ ಭಾಗ, ಅದರ ತೂಕ ಮತ್ತು ಅಳತೆ ಹಿತಮಿತವಾಗಿದ್ದರೆ ಅದಕ್ಕೆ ಬೇರೆ ದರ ಹೇರುವಂತಿಲ್ಲ ಎಂದು ಐರೋಪ್ಯ ನ್ಯಾಯಾಲಯ 2014ರಲ್ಲಿ ಹೇಳಿತ್ತು. ಸ್ಪೇನಿನ ಗ್ರಾಹಕ ಸಚಿವಾಲಯ 2024ರ ನವೆಂಬರ್‌ನಲ್ಲಿ ಐದು ಸಂಸ್ಥೆಗಳಿಗೆ ಒಟ್ಟು 179 ದಶಲಕ್ಷ ಯೂರೋ ದಂಡ ಹಾಕಿತು, ಅದರಲ್ಲಿ 108 ದಶಲಕ್ಷ ರಯಾನ್‌ಏರ್‌ನದು. ಸಂಸ್ಥೆಗಳು ಮೇಲ್ಮನವಿಗೆ ಹೋದವು. ಗ್ರಾಹಕರ ಪರ ನಿಂತವರಿಗೆ ಗೆಲುವಾಗಲಿ ಎಂದು ನಾನೂ ಬಯಸುತ್ತೇನೆ, ಆದರೆ ಮೇ ತಿಂಗಳಲ್ಲಿ ಗೇಟಿನ ಮುಂದೆ ನಿಂತಾಗ ಆ ತೀರ್ಪು ನಿಮ್ಮ ನೆರವಿಗೆ ಬಾರದು. ಮನೆಯಲ್ಲೇ ಟೇಪು ಹಿಡಿದು ಅಳೆದುಕೊಂಡು ಹೊರಡಿ. ಮೇ ತಿಂಗಳ ರೋಮ್‌ನಲ್ಲಿ ಸ್ವೆಟರ್‌ಗಳ ಹೊರೆ ಬೇಕಿಲ್ಲ, ಐದು ಉಚಿತ ಚೀಲಗಳಲ್ಲಿ ನಾಲ್ಕು ದಿನದ ಬಟ್ಟೆ ಹಿಡಿಸಿಬಿಟ್ಟರೆ ಲಗೇಜ್‌ನ 70 ಯೂರೋ ಕೂಡ ಉಳಿಯುತ್ತದೆ. ದೊಡ್ಡ ಸಂಸ್ಥೆಯ ಟಿಕೆಟ್ ಎಂದ ಮಾತ್ರಕ್ಕೆ ಸೂಟ್‌ಕೇಸ್ ಸೇರಿದೆ ಎಂದುಕೊಳ್ಳುವುದೂ ಈಗ ತಪ್ಪು. ಏರ್ ಫ್ರಾನ್ಸ್‌ನಂಥವರೂ ಕೆಲವು ಕಿರು ಮಾರ್ಗಗಳಲ್ಲಿ ಸಣ್ಣ ಚೀಲ ಮಾತ್ರದ ‘ಬೇಸಿಕ್’ ದರ ಶುರುಮಾಡಿದ್ದಾರೆ. ದರದ ಪಕ್ಕದ ಆ ಪುಟ್ಟ ಪದವನ್ನು ಮಗ ಓದಿಯೇ ದುಡ್ಡು ಕಟ್ಟಲಿ.

ಸೀಟಿಗೆ ನಾನು 50 ಯೂರೋ ಏಕೆ ಇಟ್ಟೆ ಎಂದರೆ, ದುಡ್ಡು ಕೊಡದಿದ್ದರೆ ಕಂಪ್ಯೂಟರ್ ಐವರನ್ನೂ ಐದು ಕಡೆ ಚೆದುರಿಸಬಹುದು. ಹನ್ನೆರಡರೊಳಗಿನ ಮಕ್ಕಳಿದ್ದರೆ ಜೊತೆಯ ದೊಡ್ಡವರೊಬ್ಬರು ಸೀಟು ಕೊಳ್ಳಲೇಬೇಕು, ಮಗುವಿನ ಪಕ್ಕದ ಸೀಟು ಉಚಿತ ಎಂಬುದು ರಯಾನ್‌ಏರ್ ನಿಯಮ. ನಿಮ್ಮಿಬ್ಬರ ಸೀಟು ಅಕ್ಕಪಕ್ಕದಲ್ಲಿದ್ದು, ನಿಮ್ಮದು ನಡುದಾರಿಯ ಕಡೆಗಿರಲಿ. ಮಂಡಿ ಚಾಚಲು ಅನುಕೂಲ.

ಮಂಡಿಯ ವಿಷಯಕ್ಕೆ ಬಂದೆ. ನಮ್ಮ ಹಿರಿಯರು ಸಂಕೋಚದಿಂದ ಕೇಳದೆ ಬಿಟ್ಟುಬಿಡುವ ಹಕ್ಕು ಇದು, ಆದ್ದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ. ನಡೆಯಲು, ನಿಲ್ಲಲು ಕಷ್ಟವಿರುವ ಪ್ರಯಾಣಿಕರಿಗೆ ವಿಮಾನ ನಿಲ್ದಾಣದಲ್ಲಿ ನೆರವು ಕೊಡಬೇಕೆಂದು ಐರೋಪ್ಯ ಒಕ್ಕೂಟದ 2006ರ ನಿಯಮ ಹೇಳುತ್ತದೆ. ನೆರವು ಪೂರ್ತಿ ಉಚಿತ, ಅತಿ ಅಗ್ಗದ ಟಿಕೆಟ್‌ಗೂ ಉಂಟು. ಹೊರಡುವ 48 ಗಂಟೆ ಮೊದಲು ಸಂಸ್ಥೆಗೆ ತಿಳಿಸಿರಬೇಕು, ಟಿಕೆಟ್ ಕೊಳ್ಳುವಾಗಲೇ ಗುರುತು ಹಾಕಿಬಿಡುವುದು ಉತ್ತಮ. ಅಗತ್ಯವನ್ನು ನಿಖರವಾಗಿ ಹೇಳಿ: ನಡೆಯಬಲ್ಲೆ, ಆದರೆ ದೂರ ನಡೆಯಲಾರೆ, ಮೆಟ್ಟಿಲು ಹತ್ತುವುದು ಕಷ್ಟ ಎಂದು. ಅಗ್ಗದ ಸಂಸ್ಥೆಗಳು ಬಹಳಷ್ಟು ಕಡೆ ಏರೋಬ್ರಿಡ್ಜ್ ಬಳಸದೆ ನೆಲದಿಂದಲೇ ಮೆಟ್ಟಿಲು ಹತ್ತಿಸುತ್ತವೆ, ಮೆಟ್ಟಿಲ ಮಾತನ್ನು ಮೊದಲೇ ಹೇಳಿದ್ದರೆ ಮೇಲಕ್ಕೆತ್ತುವ ಗಾಡಿಯ ವ್ಯವಸ್ಥೆ ಇರುತ್ತದೆ. ಸಾಮಾನು ಎತ್ತುವ ಗಾಡಿಯಲ್ಲ, ಜನರನ್ನು ಕೂರಿಸಿ ಬಾಗಿಲ ಮಟ್ಟಕ್ಕೆ ಏರಿಸುವ ವಾಹನ. ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಇನ್ನು ಯಾವ ಹೊತ್ತಿನ ವಿಮಾನ ಎಂಬುದು. ನನ್ನ ಅನುಭವದಲ್ಲಿ ಸಂಸ್ಥೆಯ ಹೆಸರಿಗಿಂತ ಇದು ಹೆಚ್ಚು ಮುಖ್ಯ. ಒಂದೇ ವಿಮಾನ ದಿನಕ್ಕೆ ನಾಲ್ಕಾರು ಸುತ್ತು ಹಾರುತ್ತದೆ, ಬೆಳಗ್ಗೆ ಎಲ್ಲೋ ಅರ್ಧ ಗಂಟೆ ತಡವಾದರೆ ಅದು ಸಂಜೆಯವರೆಗೂ ಬೆಳೆಯುತ್ತ ಹೋಗುತ್ತದೆ. ಯುರೋಪಿನ ವಿಮಾನಗಳ ವಿಳಂಬದಲ್ಲಿ ಅರ್ಧದ ಸನಿಹದಷ್ಟು ಹೀಗೆ ಹಿಂದಿನ ಸುತ್ತಿನಿಂದ ಹರಿದು ಬಂದದ್ದು. ಹೋಗುವಾಗ ಏಳರಿಂದ ಒಂಬತ್ತರ ನಡುವಿನ ವಿಮಾನ ಹುಡುಕಿ, ನಿಲ್ದಾಣ ಹತ್ತಿರವಿದ್ದರೆ ಅದು ಕಷ್ಟವಾಗದು.

ಬರುವಾಗ ಇಟಲಿಯ ಮುಷ್ಕರಗಳನ್ನು ಮನಸ್ಸಿನಲ್ಲಿಡಬೇಕು. ಅಲ್ಲಿ ವಿಮಾನಯಾನದ ಮುಷ್ಕರ ಅಪರೂಪವಲ್ಲ, ಆದರೆ ದಿನಾಂಕಗಳು ಮೊದಲೇ ಪ್ರಕಟವಾಗುತ್ತವೆ, ಮತ್ತು ಬೆಳಗ್ಗೆ 7ರಿಂದ 10, ಸಂಜೆ 6ರಿಂದ 9ರ ನಡುವಿನ ವಿಮಾನಗಳಿಗೆ ಮುಷ್ಕರದ ದಿನವೂ ರಕ್ಷಣೆ ಇದೆ. ಹಾಗೆಂದು ರಾತ್ರಿ ಒಂಬತ್ತರ ಹತ್ತಿರದ್ದನ್ನು ಆರಿಸಬೇಡಿ. ಓರ್ಲಿಯಲ್ಲಿ ರಾತ್ರಿ 11.30ರಿಂದ ಬೆಳಗ್ಗೆ 6ರವರೆಗೆ ವಿಮಾನಗಳಿಗೆ ನಿರ್ಬಂಧ. ರೋಮ್‌ನಿಂದ ತಡವಾಗಿ ಹೊರಟ ಕೊನೆಯ ವಿಮಾನ ಊರಿನ ಇನ್ನೊಂದು ತುದಿಯ ಶಾರ್ಲ್ ದ ಗಾಲ್‌ನಲ್ಲಿ ಇಳಿಯಬಹುದು, ರದ್ದೂ ಆಗಬಹುದು. ಸಂಜೆ ಆರರಿಂದ ಏಳರ ನಡುವಿನದು ಸಿಕ್ಕರೆ ಎರಡೂ ಕಡೆಯ ಭಯ ತಪ್ಪುತ್ತದೆ. ಮೇ 1 ಮತ್ತು 8 ಫ್ರಾನ್ಸಿನಲ್ಲಿ ರಜೆ, ಅಸೆನ್ಷನ್ ಗುರುವಾರವೂ ಹೆಚ್ಚಾಗಿ ಇದೇ ತಿಂಗಳಲ್ಲಿ. ಆ ವಾರಾಂತ್ಯಗಳನ್ನು ಬಿಟ್ಟು ಮಂಗಳವಾರ ಹೋಗಿ ಶುಕ್ರವಾರ ಬರುವಂತೆ ಮಾಡಿದರೆ ದರವೂ ಇಳಿಯುತ್ತದೆ, ರೋಮ್‌ನ ಸಾಲುಗಳೂ.

ವಿಮಾನ ರದ್ದಾದರೆ? ಐರೋಪ್ಯ ಒಕ್ಕೂಟದ 261ನೇ ನಿಯಮ, 2004ರದ್ದು, ನಿಮ್ಮನ್ನು ಕಾಯುತ್ತದೆ. ಭಾರತದ ಪಾಸ್‌ಪೋರ್ಟ್ ಎಂಬ ಕಾರಣಕ್ಕೆ ಅದರಲ್ಲಿ ಏನೂ ಕಡಿತವಿಲ್ಲ. ಇಷ್ಟು ದೂರದ ವಿಮಾನ ಎರಡು ಗಂಟೆ ತಡವಾದರೆ ಊಟ, ತಿಂಡಿ ಕೊಡಬೇಕು. ರಾತ್ರಿ ಉಳಿಯಬೇಕಾಗಿ ಬಂದರೆ ಹೋಟೆಲು, ಅಲ್ಲಿಗೆ ಹೋಗುವ ವಾಹನ. ರದ್ದಾದರೆ ಹಣ ವಾಪಸು ಅಥವಾ ಬೇರೆ ವಿಮಾನ, ಆಯ್ಕೆ ನಿಮ್ಮದು. ಸಂಸ್ಥೆಯ ತಪ್ಪಿನಿಂದ ಮೂರು ಗಂಟೆಗಿಂತ ತಡವಾಗಿ ತಲುಪಿದರೆ 1,500 ಕಿ.ಮೀ. ಒಳಗಿನ ಪ್ರಯಾಣಕ್ಕೆ ತಲಾ 250 ಯೂರೋ ಪರಿಹಾರ, ಟಿಕೆಟ್ ಎಷ್ಟಕ್ಕೇ ಕೊಂಡಿರಲಿ. ಟಿಕೆಟ್ ಇರುವ ಮೊಮ್ಮಗನಿಗೂ ಅಷ್ಟೇ ಸಲ್ಲುತ್ತದೆ. ಬಿರುಗಾಳಿ, ವಾಯು ಸಂಚಾರ ನಿಯಂತ್ರಕರ ಮುಷ್ಕರ ಇಂಥವುಗಳಲ್ಲಿ ಪರಿಹಾರ ಇಲ್ಲ, ಆದರೆ ಊಟ, ಹೋಟೆಲು, ಬದಲಿ ವಿಮಾನದ ಹಕ್ಕು ಆಗಲೂ ಉಳಿಯುತ್ತದೆ. ಸಂಸ್ಥೆಯ ಸ್ವಂತ ನೌಕರರ ಮುಷ್ಕರಕ್ಕೆ ಈ ವಿನಾಯಿತಿ ಇಲ್ಲವೆಂದು ನ್ಯಾಯಾಲಯ ಹೇಳಿದೆ. ಈ ನಿಯಮವನ್ನು ಬದಲಿಸುವ ಚರ್ಚೆ ಕೆಲವು ಕಾಲದಿಂದ ನಡೆದಿದೆ, ಹೊರಡುವ ಮುನ್ನ ಮಗ ಒಮ್ಮೆ ನೋಡಿಕೊಳ್ಳಲಿ.

ಕಾಗದದ ಮೇಲೆ ಮೂರೂ ಸಂಸ್ಥೆಗಳಿಗೆ ಒಂದೇ ನಿಯಮ. ಆದರೆ ಆ ದಿನ ನಿಮ್ಮ ಕೈ ಹಿಡಿಯುವುದು ಮುಂದಿನ ವಿಮಾನ. ಶಾರ್ಲ್ ದ ಗಾಲ್‌ನಿಂದ ರೋಮ್‌ಗೆ ದಿನಕ್ಕೆ ಹಲವು ವಿಮಾನಗಳಿವೆ, ಬೆಳಗಿನದು ರದ್ದಾದರೆ ಮಧ್ಯಾಹ್ನದ್ದರಲ್ಲಿ ಕೂರಿಸುತ್ತಾರೆ. ಸಣ್ಣ ನಿಲ್ದಾಣದಿಂದ ದಿನಕ್ಕೊಂದೇ ಹಾರುವ ಕಡೆ ‘ಮುಂದಿನದು’ ಎಂದರೆ ನಾಳೆ, ಕೆಲವೊಮ್ಮೆ ನಾಡಿದ್ದು. ಏರ್ ಫ್ರಾನ್ಸ್‌ನ ಹೆಚ್ಚಿನ ದರದಲ್ಲಿ ನಾನು ಬೆಲೆ ಕಟ್ಟುವ ಅಂಶ ಇದೊಂದೇ. ರೋಮ್‌ನಿಂದ ಬಂದ ಮರುದಿನವೇ ನಿಮಗೆ ಬೆಂಗಳೂರಿಗೆ ವಾಪಸು ವಿಮಾನ ಇದ್ದಿದ್ದರೆ ಓರ್ಲಿ ಬಿಟ್ಟು ಅದನ್ನೇ ಹೇಳುತ್ತಿದ್ದೆ. ದಯವಿಟ್ಟು ನಡುವೆ ಎರಡು ದಿನವಾದರೂ ಬಿಡಿ, ಏಕೆಂದರೆ ಬೇರೆ ಬೇರೆಯಾಗಿ ಕೊಂಡ ಎರಡು ಟಿಕೆಟ್‌ಗಳಲ್ಲಿ ಒಂದು ತಪ್ಪಿದರೆ ಇನ್ನೊಂದರವರು ಹೊಣೆಯಲ್ಲ.

ಪಾಸ್‌ಪೋರ್ಟ್ ಬಗ್ಗೆ ಎರಡು ಮಾತು. ಫ್ರಾನ್ಸ್, ಇಟಲಿ ಎರಡೂ ಷೆಂಗೆನ್ ವಲಯದಲ್ಲಿವೆ, ನಡುವೆ ಇಮಿಗ್ರೇಷನ್ ಇಲ್ಲ, ನಿಮ್ಮ ವೀಸಾ ಸಾಕು. ಆದರೆ ಪಾಸ್‌ಪೋರ್ಟ್ ಕೈಯಲ್ಲಿರಲೇಬೇಕು. ಲಂಡನ್ ಅಥವಾ ಡಬ್ಲಿನ್‌ಗೆ ಹೋಗುವ ಮನಸ್ಸಾದರೆ ಮಾತ್ರ ಎಚ್ಚರ. ಬ್ರಿಟನ್, ಐರ್ಲೆಂಡ್ ಷೆಂಗೆನ್‌ನ ಹೊರಗಿವೆ, ಅವುಗಳ ವೀಸಾ ಬೇರೆಯೇ ಬೇಕು, ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದವರು ಅಲ್ಲಿಂದ ಪ್ಯಾರಿಸ್‌ಗೆ ಮರಳಲಾರರು.

ಎರಡನೆಯದನ್ನು ನಾನು ಕಲಿತದ್ದು ನಮ್ಮ ಅತ್ತೆಯವರ ಜೊತೆ ಹೊರಟಾಗ. ಕೆಲವು ಅಗ್ಗದ ಸಂಸ್ಥೆಗಳು ಯುರೋಪಿನವರಲ್ಲದ ಪ್ರಯಾಣಿಕರ ವೀಸಾವನ್ನು ಭದ್ರತಾ ತಪಾಸಣೆಗೆ ಮೊದಲು ತಮ್ಮ ಕೌಂಟರಿನಲ್ಲಿ ನೋಡುತ್ತವೆ. ನಾವು ಅದನ್ನು ಗಮನಿಸದೆ ನೇರ ಗೇಟಿಗೆ ಹೋದೆವು. ಬೋರ್ಡಿಂಗ್ ಪಾಸಿನ ಮೇಲೆ ಮುದ್ರೆ ಇಲ್ಲವೆಂದು ತಿರುಗಿ ಕಳಿಸಿದರು. ಎಪ್ಪತ್ತು ದಾಟಿದ ಅವರನ್ನು ಕೈಹಿಡಿದು ಓಡಿಸಿಕೊಂಡು ಹೋಗಿ ಮತ್ತೆ ತಪಾಸಣೆ ಮುಗಿಸಿ ಬರುವಷ್ಟರಲ್ಲಿ ಗೇಟು ಮುಚ್ಚಿತ್ತು. ಅವರು ಒಂದು ಮಾತೂ ಆಡಲಿಲ್ಲ, ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಹೀಗಾಗಿ ಯಾವ ಅಗ್ಗದ ಸಂಸ್ಥೆಯಾದರೂ ಸರಿ, ನಿಲ್ದಾಣ ತಲುಪಿದ ತಕ್ಷಣ ಕೌಂಟರಿಗೆ ಹೋಗಿ, ನಮ್ಮದು ಭಾರತದ ಪಾಸ್‌ಪೋರ್ಟ್, ದಾಖಲೆ ಪರಿಶೀಲನೆ ಬೇಕೇ ಎಂದು ಕೇಳಿ. ಚೆಕ್-ಇನ್ ಅನ್ನು ಹಿಂದಿನ ದಿನವೇ ಮೊಬೈಲಿನಲ್ಲಿ ಮುಗಿಸಿ. ರಯಾನ್‌ಏರ್‌ನಲ್ಲಿ ಅದನ್ನು ನಿಲ್ದಾಣದಲ್ಲಿ ಮಾಡಿಸಿದರೆ ತಲಾ 55 ಯೂರೋ, ಅದೂ ಅಲ್ಲದೆ 2025ರ ನವೆಂಬರ್‌ನಿಂದ ಅದರ ಬೋರ್ಡಿಂಗ್ ಪಾಸ್ ಮೊಬೈಲಿನಲ್ಲೇ ಇರಬೇಕು, ಮನೆಯಲ್ಲಿ ಮುದ್ರಿಸಿದ ಕಾಗದ ನಡೆಯುವುದಿಲ್ಲ.

ನಿಮ್ಮ ಹೆಸರಿನ ಪ್ರಶ್ನೆ ನಮ್ಮ ಕಡೆಯ ಎಷ್ಟೋ ಜನರದು. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಯುರೋಪಿನ ಜಾಲತಾಣಗಳು ಎರಡೂ ಜಾಗ ತುಂಬದೆ ಮುಂದೆ ಬಿಡುವುದಿಲ್ಲ. ಸಾಮಾನ್ಯವಾಗಿ ಅನುಸರಿಸುವ ದಾರಿ, ಪಾಸ್‌ಪೋರ್ಟಿನ ಗಿವನ್ ನೇಮ್ ಅನ್ನೇ ಎರಡೂ ಕಡೆ ಬರೆಯುವುದು. ಯಜಮಾನರ ಹೆಸರನ್ನೋ ಊರಿನ ಹೆಸರನ್ನೋ ತಂದು ಸೇರಿಸಬೇಡಿ, ಪಾಸ್‌ಪೋರ್ಟಿನಲ್ಲಿ ಇಲ್ಲದ ಪದ ಟಿಕೆಟ್‌ನಲ್ಲಿ ಇರಬಾರದು. ದುಡ್ಡು ಕಟ್ಟುವ ಮೊದಲು ಮಗ ಸಂಸ್ಥೆಯ ಸಹಾಯ ವಿಭಾಗಕ್ಕೆ ಬರೆದು ಅವರ ಪದ್ಧತಿ ಕೇಳಿ, ಉತ್ತರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲಿ. ಆಮೇಲೆ ಹೆಸರು ಬದಲಿಸುವ ಶುಲ್ಕ ಟಿಕೆಟ್‌ನ ದರವನ್ನೇ ಮೀರಬಹುದು. ಟಿಕೆಟ್ ಅನ್ನು ಸಂಸ್ಥೆಯ ಸ್ವಂತ ಜಾಲತಾಣದಲ್ಲೇ, ಮಗನ ಇಮೇಲ್ ಕೊಟ್ಟು ಕೊಳ್ಳಿ, ವೇಳೆ ಬದಲಾದರೆ ಸುದ್ದಿ ನೇರ ತಲುಪುತ್ತದೆ. ಭಾರತದ ಕಾರ್ಡ್ ಬಳಸುವ ಇತರ ಓದುಗರಿಗೆ ಒಂದು ಮಾತು: ರೂಪಾಯಿಯಲ್ಲಿ ಕಟ್ಟುವಿರಾ ಎಂದು ಕೇಳಿದರೆ ಬೇಡ ಎಂದು ಯೂರೋವನ್ನೇ ಆರಿಸಿ, ರೂಪಾಯಿಗೆ ಅವರು ಹಾಕುವ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಊಟ ಖಂಡಿತ ಕಟ್ಟಿಕೊಳ್ಳಿ. ಅಗ್ಗದ ಸಂಸ್ಥೆಗಳಲ್ಲಿ ನೀರಿಗೂ ದುಡ್ಡು, ಏರ್ ಫ್ರಾನ್ಸ್ ಕೊಡುವುದೂ ಒಂದು ಪುಟ್ಟ ತಿಂಡಿ, ಒಂದು ಪಾನೀಯ ಅಷ್ಟೆ. ಮನೆಯಿಂದ ಘನ ಆಹಾರ ಒಯ್ಯಲು ಯಾರ ತಡೆಯೂ ಇಲ್ಲ. ಚಪಾತಿ, ಒಣ ಪಲ್ಯ, ಚಿತ್ರಾನ್ನ, ಚಟ್ನಿಪುಡಿ, ಕೋಡುಬಳೆ ಎಲ್ಲ ಸಲೀಸಾಗಿ ದಾಟುತ್ತವೆ. ನೂರು ಮಿಲಿಲೀಟರಿನ ಮಿತಿ ದ್ರವಕ್ಕೂ ಮುದ್ದೆಯಂಥದ್ದಕ್ಕೂ ಅನ್ವಯಿಸುತ್ತದೆ, ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿ, ತುಪ್ಪ, ಜ್ಯಾಮ್ ಅದರೊಳಗೆ ಬರುತ್ತವೆ. ಮೊಸರನ್ನವನ್ನು ತಪಾಸಣೆಯವರು ಯಾವ ಕಡೆಗೆ ಸೇರಿಸುತ್ತಾರೋ ಅವರವರ ಮೇಲೆ ಹೋಗುತ್ತದೆ, ಮೊಮ್ಮಗನ ಡಬ್ಬಿ ಅಲ್ಲೇ ಉಳಿದುಬಿಟ್ಟರೆ ದಾರಿಯುದ್ದಕ್ಕೂ ಅಳು. ಅನ್ನವನ್ನು ಮಾತ್ರ ಒಯ್ಯಿರಿ. ತಪಾಸಣೆ ದಾಟಿದ ಮೇಲೆ ಓರ್ಲಿಯ ಅಂಗಡಿಗಳಲ್ಲಿ ಸಾದಾ ಮೊಸರಿನ ಪುಟ್ಟ ಡಬ್ಬಿ ಸಿಗುತ್ತದೆ, ಅಲ್ಲೇ ಕಲಸಿ ಕೊಡಬಹುದು.